13 ವರ್ಷ ಸೇವೆಯಾಗಿದೆ. ಈಗ ಸೈನ್ಯ ಬಿಟ್ಟರೆ ಮಾಜಿ ಸೈನಿಕರ ಸೌಲಭ್ಯ ಸಿಗುತ್ತದೆಯೇ?

ನಾಲ್ಕು ವರ್ಷದ ಅಗ್ನಿವೀರರಿಗೇ ನೌಕರಿಯಲ್ಲಿ ಮೀಸಲಾತಿ ಕೊಟ್ಟಿರುವ ಸರ್ಕಾರ, 13 ವರ್ಷ ದುಡಿದ ಜವಾನನಿಗೂ ಇಂದಲ್ಲ ನಾಳೆ ನಿಯಮ ಸಡಿಲಿಸುತ್ತದೆ ಎಂದು ನೀವು ನಂಬಿದ್ದೀರಿ. ಇಂಥದೇ ನಂಬಿಕೆಯಿಂದ ನಾನು 2016ರಲ್ಲಿ ಸೈನ್ಯ ಬಿಟ್ಟೆ.

ಎಸ್‌ಎಸ್‌ಎಲ್‌ಸಿ ಮುಗಿಸಿ, 2002ರ ಆಗಸ್ಟ್‌ನಲ್ಲಿ ಹಲಸೂರು ಕೆರೆಯ ಪಕ್ಕದ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್‌ನಲ್ಲಿ ಭರ್ತಿಯಾದವನು ನಾನು. ಬಿಟ್ಟದ್ದು 2016ರ ಜೂನ್‌ನಲ್ಲಿ. ಪಿಂಚಣಿಗೆ ಬೇಕಾದ 15 ವರ್ಷಕ್ಕೆ ಇನ್ನು 14 ತಿಂಗಳು ಬಾಕಿ ಇತ್ತು. ವೈಟ್‌ಫೀಲ್ಡ್‌ನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಕೆಲಸ ಕಾದಿತ್ತು, ಮಗಳನ್ನು ಶಾಲೆಗೆ ಸೇರಿಸಬೇಕಿತ್ತು. ಅದರ ಹಿಂದಿನ ನವೆಂಬರ್‌ನಲ್ಲಷ್ಟೇ ಸಮಾನ ಶ್ರೇಣಿ ಸಮಾನ ಪಿಂಚಣಿಯ ಆದೇಶ ಹೊರಬಿದ್ದಿದ್ದರಿಂದ, ಸೌಲಭ್ಯಗಳೆಲ್ಲ ಹಿಗ್ಗುತ್ತಲೇ ಹೋಗುತ್ತವೆ ಎಂಬ ಮಾತು ಬ್ಯಾರಕ್ ತುಂಬ ಓಡಾಡುತ್ತಿತ್ತು. ಮುಂದೆ ಸ್ವಂತ ಕೋರಿಕೆಯ ಮೇಲೆ ಅವಧಿಗೆ ಮೊದಲೇ ಹೊರಹೋಗುವವರಿಗೆ ಅದು ಅನ್ವಯಿಸದು ಎಂಬ ಸಾಲು ಅದೇ ಆದೇಶದಲ್ಲಿತ್ತು. ಅದನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ. ನಮ್ಮ ಸುಬೇದಾರ್ ಸಾಹೇಬರು ಮಾತ್ರ, "ಹದಿನಾಲ್ಕು ತಿಂಗಳು ಹಲ್ಲು ಕಚ್ಚಿಕೊಂಡು ಇದ್ದುಬಿಡೋ" ಎಂದಿದ್ದರು.

ನನ್ನ ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. 15 ವರ್ಷ ತುಂಬದಿದ್ದರೆ ಪಿಂಚಣಿ ಇಲ್ಲವೆಂಬುದು ನನಗೆ ತಿಳಿದಿತ್ತು. ಪಿಂಚಣಿ ಹೋದರೆ ಹೋಗಲಿ, ಸಮವಸ್ತ್ರ ಹಾಕಿದವನಿಗೆ "ಮಾಜಿ ಸೈನಿಕ" ಎಂಬ ಹೆಸರಂತೂ ಉಳಿಯುತ್ತದೆ, ಆ ಹೆಸರಿನ ಮೇಲೆ ಸರ್ಕಾರಿ ಕೆಲಸ ಹಿಡಿಯಬಹುದು ಎಂದುಕೊಂಡಿದ್ದೆ. ಆ ಹೆಸರಿಗೂ ನಿಯಮವಿದೆ. 1979ರ ಕೇಂದ್ರ ನಿಯಮಗಳ ಪ್ರಕಾರ ಪಿಂಚಣಿ ಗಳಿಸಿ ಬಂದವನು, ಸೇವೆಯಿಂದಾದ ಅನಾರೋಗ್ಯದ ಕಾರಣಕ್ಕೆ ಬಿಡುಗಡೆಯಾದವನು, ಒಪ್ಪಂದದ ಅವಧಿ ಪೂರೈಸಿ ಬಂದವನು, ಇಂಥವರು ಮಾಜಿ ಸೈನಿಕರು. ಪಿಂಚಣಿ ಗಳಿಸುವ ಮೊದಲೇ ತಾನಾಗಿ ಕೇಳಿಕೊಂಡು ಬಂದವನು ಅಲ್ಲ. ಅಂದರೆ ಎಷ್ಟು ವರ್ಷ ದುಡಿದಿರಿ ಎಂಬುದರಷ್ಟೇ, ಹೇಗೆ ಹೊರಬಂದಿರಿ ಎಂಬುದನ್ನೂ ನೋಡುತ್ತಾರೆ. ಬ್ಯಾಂಕ್ ಗುಮಾಸ್ತ ಹುದ್ದೆಗೆ ಅರ್ಜಿ ಹಾಕಲೆಂದು ಮಾಜಿ ಸೈನಿಕರ ಗುರುತಿನ ಚೀಟಿ ಕೇಳಲು ಹೋದಾಗ, ಕಿಟಕಿಯ ಆಚೆ ಕುಳಿತಿದ್ದ ಹೆಂಗಸು ನನ್ನ ಡಿಸ್ಚಾರ್ಜ್ ಬುಕ್‌ನಲ್ಲಿ ಬಿಡುಗಡೆಯ ಕಾರಣ ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟು, ಮಾತಾಡದೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಭರ್ತಿಯ ಷರತ್ತು ಪೂರೈಸುವ ಮೊದಲೇ, ಸ್ವಂತ ಕೋರಿಕೆಯ ಮೇಲೆ ಎಂದು ಅಲ್ಲಿತ್ತು. ಕೋರಿಕೆಗೆ ಸಹಿ ಹಾಕಿದವನು ನಾನೇ ಆದ್ದರಿಂದ ಯಾರನ್ನು ದೂರಲಿ?

ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಅಂಗವಿಕಲ ಮಾಜಿ ಸೈನಿಕರ ಮತ್ತು ಹುತಾತ್ಮರ ಅವಲಂಬಿತರ ಪಾಲೂ ಸೇರಿ ಶೇ 14.5ರಷ್ಟು ಮೀಸಲಿದೆ. ನನ್ನಂತೆ ಡಿಗ್ರಿ ಇಲ್ಲದವನಿಗೂ 15 ವರ್ಷದ ಸೇವೆ ಇದ್ದರೆ ಅಲ್ಲಿ ಅರ್ಹತೆ ಇದೆ. ಒಂದು ಸಹಿಗೆ ಪಿಂಚಣಿ, ಮೀಸಲಾತಿ, ಡಿಗ್ರಿಯ ವಿನಾಯಿತಿ ಮೂರೂ ಹೋದವು. ವೈಟ್‌ಫೀಲ್ಡ್‌ನ ಗುತ್ತಿಗೆ ಎರಡೇ ವರ್ಷಕ್ಕೆ ಮುಗಿಯಿತು.

ಅಗ್ನಿವೀರರ ಹೋಲಿಕೆಯನ್ನೂ ಬಿಟ್ಟುಬಿಡಿ. 2022ರಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅವರಿಗೆ ಘೋಷಿಸಿದ ಶೇ 10, ಮಾಜಿ ಸೈನಿಕರ ಪಾಲಿಗಿಂತ ಬೇರೆಯದೇ ಮೀಸಲಾತಿ. ನಾಲ್ಕು ವರ್ಷ ಮುಗಿಸಿ ಹೋಗುವ ಅಗ್ನಿವೀರನಿಗೆ ಪಿಂಚಣಿಯೂ ಇಲ್ಲ, ಗ್ರ್ಯಾಚುಟಿಯೂ ಇಲ್ಲ. ಹತ್ತು ವರ್ಷ ದಾಟಿದ ಜವಾನನಿಗೆ ಸೇವೆಗೆ ತಕ್ಕ ಪಿಂಚಣಿ ಕೊಡಬೇಕೆಂಬುದು ನನ್ನದೂ ಒತ್ತಾಯ. ಆದರೆ ಇಂಥ ಆದೇಶ ಬಂದರೂ ಅದರಲ್ಲೊಂದು ದಿನಾಂಕವಿರುತ್ತದೆ. ಆ ದಿನಾಂಕಕ್ಕೆ ನೀವು ಯಾವ ಕಡೆ ಬೀಳುತ್ತೀರೋ ಯಾರು ಬಲ್ಲರು?

ಬಿಡುಗಡೆಯ ಅರ್ಜಿ ಕೊಡಬೇಡಿ. ಮನೆಯ ತೊಂದರೆ ನಿಜವಾಗಿದ್ದರೆ ಅನುಕಂಪದ ಆಧಾರದ ಪೋಸ್ಟಿಂಗ್, ಅಂದರೆ ಮನೆಗೆ ಹತ್ತಿರದ ಜಾಗಕ್ಕೆ ವರ್ಗಾವಣೆ, ಕೇಳಿ. ಸೇವಾವಧಿ ಮುಗಿಯಲು ಒಂದು ವರ್ಷ ಉಳಿದಿರುವಾಗಲೇ ಕಮಾಂಡಿಂಗ್ ಆಫೀಸರ್ ಪ್ರಮಾಣಪತ್ರದೊಂದಿಗೆ ಕೇಂದ್ರದ ಹುದ್ದೆಗಳಿಗೆ ಅರ್ಜಿ ಹಾಕಲು ಅವಕಾಶವಿದೆ; ಹೊರಗಿನ ಕೆಲಸಕ್ಕೆ ಸಜ್ಜುಗೊಳಿಸುವ ಪುನರ್ವಸತಿ ಕೋರ್ಸ್‌ಗೂ ಆಗಲೇ ಹೆಸರು ಕೊಡಿ.