ದನ ತಂತಿ ನುಂಗಿದರೆ ಹೊಟ್ಟೆ ತೂತಾಗುತ್ತದಾ?

ಹೌದು, ಆಗುತ್ತದೆ. ದನ ಮೇವನ್ನು ಸರಿಯಾಗಿ ಅಗಿಯದೆ ನುಂಗುತ್ತದೆ. ಜೊತೆಗೆ ಹೋದ ತಂತಿ, ಮೊಳೆ ಹೆಚ್ಚಾಗಿ ಹೊಟ್ಟೆಯ 4 ಭಾಗಗಳಲ್ಲಿ ಎರಡನೆಯದಕ್ಕೆ ಬೀಳುತ್ತವೆ. ಅದರ ಒಳಗೋಡೆ ಜೇನುಗೂಡಿನ ಹಾಗೆ, ಸಿಕ್ಕಿಕೊಳ್ಳುತ್ತವೆ. ಆ ಚೀಲ ಹಿಂಡಿದಾಗ ತುದಿ ಗೋಡೆಯನ್ನು ಚುಚ್ಚುತ್ತದೆ. ಅಲ್ಲಿಂದ ವಪೆ (ಹೊಟ್ಟೆ, ಎದೆಯ ನಡುವಿನ ಪರದೆಯಂಥ ಸ್ನಾಯು) ದಾಟಿದರೆ ಹೃದಯವೇ!

ಕಾಸರಗೋಡಿನ ನಮ್ಮ ಹಟ್ಟಿಯ ದನವೊಂದಕ್ಕೆ ಹೀಗಾಗಿತ್ತು. ಮೇವು ಬಿಟ್ಟಿತು, ಬೆನ್ನು ಬಿಲ್ಲಿನಂತೆ ಬಾಗಿತು. ಗುಡ್ಡೆ ಇಳಿಯುವಾಗ ಹೆಜ್ಜೆಹೆಜ್ಜೆಗೂ ನರಳುತ್ತಿತ್ತು. ಅಜೀರ್ಣವೆಂದು ಸುಮ್ನೆ 2 ದಿನ ಕಾದದ್ದು ನಮ್ಮ ತಪ್ಪು. ಡಾಕ್ಟರ್ ಆಪರೇಷನ್ ಮಾಡಿ ಬೆರಳುದ್ದದ ತಂತಿ ತೆಗೆದರು.

ಶುರುವಿನಲ್ಲೇ ತೋರಿಸಿದರೆ ಅಯಸ್ಕಾಂತ ನುಂಗಿಸಿ, ಆಂಟಿಬಯೋಟಿಕ್ ಕೊಟ್ಟೇ ವಾಸಿಯಾಗುವುದೂ ಉಂಟು. ಎದೆಯ ಕೆಳಗೆ ಬಾವು ಬಂದರೆ ಉಳಿಯುವುದು ಬಹಳ ಕಷ್ಟ. ಬೈಹುಲ್ಲಿನ ಹತ್ತಿರ ಬೇಲಿ ತಂತಿಯ ತುಂಡು ಬಿಡಲೇಬೇಡಿ.