ಅಳಿದುಹೋಯಿತು ಅಂತ ಯಾರು ಹೇಳಿದರು?

ನಮಸ್ಕಾರ,

ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಚಮೊರೊ ಜನರ ಭಾಷೆ, ಕುಣಿತಗಳ ಮೇಲೆ ಸ್ಪೇನ್ ಆಳ್ವಿಕೆ ಬಿಟ್ಟ ಗುರುತುಗಳ ಬಗ್ಗೆ ನೀವು ಕಳಿಸಿದ ‘ಅಳಿದುಹೋದ ಸಂಸ್ಕೃತಿ’ ಲೇಖನ ಓದಿದೆ. ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಿ ಅನ್ನಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ತಕರಾರು ಶೀರ್ಷಿಕೆಯಿಂದಲೇ ಶುರು. 1521ರಲ್ಲಿ ನಾವಿಕ ಮೆಗೆಲನ್ ಬಂದ, 1668ರಲ್ಲಿ ಪಾದ್ರಿ ಸಾನ್ ವಿಟೋರೆಸ್ ಬಂದ, 1898ರಲ್ಲಿ ಅಮೆರಿಕದವರು ಬಂದರು ಅಂತ ಮೂರು ಪುಟ ಬರೀ ಬಂದವರ ಪಟ್ಟಿ. ಅಲ್ಲೇ ಇದ್ದವರು ಎಲ್ಲಿ? ಅವರು ಬಾಯಿ ಬಿಡುವುದು ಆರನೇ ಪುಟದಲ್ಲಿ.

‘ಚಮೊರೊ ಎಂದರೆ ಕೆಟ್ಟ ಸ್ಪ್ಯಾನಿಷ್’ ಎಂದಿದ್ದೀರಿ. ತಪ್ಪು. ಸಾಲ ತಂದ ಪದಗಳು ರಾಶಿ ಇವೆ, ನಿಜ. ಹಾಚಾ, ಹುಗ್ವಾ, ತುಲು ಎಂಬ ಹಳೆಯ ಎಣಿಕೆ ಮೂಲೆಗೆ ಸರಿದು ಉನು, ದೋಸ್, ತ್ರೇಸ್ ಬಂತು. ಆದರೆ ಭಾಷೆಯ ಬಳಗ ಮಲಯ, ಫಿಲಿಪ್ಪೀನ್ಸಿನ ಟಗಾಲೊಗ್‌ಗಳದ್ದು. ಒಂದು ಪದ ಹಿಡಿದು ನೋಡಿ. ಹಾಡುವುದಕ್ಕೆ ಸ್ಪ್ಯಾನಿಷ್‌ನಿಂದ ‘ಕಾಂತಾ’ ತಂದುಕೊಂಡರು (ನಮ್ಮ ಪಕ್ಕದ ಮನೆ ಕಾಂತಾ ಅಲ್ಲ). ‘ಹಾಡಿದಳು’ ಅನ್ನಬೇಕಾದಾಗ ಸ್ಪೇನಿನವರ ಹಾಗೆ ಕೊನೆಗೆ ಬಾಲ ಅಂಟಿಸಲಿಲ್ಲ. ಪದದ ಹೊಟ್ಟೆಯೊಳಗೆ ‘ಉಮ್’ ಎಂಬ ತಮ್ಮದೇ ತುಂಡು ತುರುಕಿದರು. ಕುಮಾಂತಾ ಆಯಿತು. ನಿಮ್ಮ ಹತ್ತು ಪುಟದಲ್ಲಿ ಇಂಥದ್ದು ಒಂದೂ ಇಲ್ಲ.

ಕನ್ನಡದ ಓದುಗರಿಗೆ ಇದು ದೂರದ ವಿಷಯವೇನಲ್ಲ. ನಾವು ಪಾದ್ರಿ ಅನ್ನುತ್ತೇವೆ, ಅವರು ‘ಪಾಲೆ’ ಅನ್ನುತ್ತಾರೆ. ಎರಡಕ್ಕೂ ಮೂಲ ‘ಪಾದ್ರೆ’. ನಮಗೆ ಕೊಟ್ಟವರು ಪೋರ್ಚುಗೀಸರು, ಅವರಿಗೆ ಸ್ಪೇನಿನವರು. ಅಲಮಾರು, ಚಾವಿ ಅಂದಮಾತ್ರಕ್ಕೆ ಕನ್ನಡ ಕೆಟ್ಟ ಪೋರ್ಚುಗೀಸ್ ಆಯಿತೇ?

ಇನ್ನೊಂದು ತಪ್ಪು ಜಾಸ್ತಿ ದೊಡ್ಡದು. ಶಾಲೆಗಳಲ್ಲಿ ಚಮೊರೊ ನಿಷೇಧಿಸಿದ್ದನ್ನು ಸ್ಪೇನಿನ ತಲೆಗೆ ಕಟ್ಟಿದ್ದೀರಿ. ಸಾನ್ ವಿಟೋರೆಸ್ ಚಮೊರೊ ಕಲಿತು ಅದರ ವ್ಯಾಕರಣ ಬರೆದವನು. ಮತಾಂತರಕ್ಕೆ ಬೇಕಿತ್ತು, ಅದು ಬೇರೆ ಮಾತು. ನಿಷೇಧ ತಂದದ್ದು ಅಮೆರಿಕದ ನೌಕಾಪಡೆಯ ಆಡಳಿತ, 1917ರಲ್ಲಿ. 1922ರಲ್ಲಿ ನಿಘಂಟುಗಳನ್ನೇ ಸುಟ್ಟರು.

ಈಗ ಕುಣಿತ. ಹುಲ್ಲಿನ ಉಡುಗೆ ತೊಟ್ಟು ಮಂತ್ರದ ಹಾಗೆ ಹಾಡುತ್ತ ಕುಣಿಯುವುದನ್ನು ‘ಸಾವಿರಾರು ವರ್ಷಗಳಿಂದ ಕಡಿಯದೆ ಬಂದದ್ದು’ ಅಂತ ಹೊಗಳಿದ್ದೀರಿ. ಹಾಗಿದ್ದರೆ ‘ಅಳಿದುಹೋದ’ ಎಲ್ಲಿಂದ ಬಂತು? ಹಳೆಯ ಕುಣಿತ ಮಿಷನ್ ಕಾಲದಲ್ಲಿ ಮರೆಯಾಯಿತು. ಯುರೋಪಿನ ಜೋಡಿ ಕುಣಿತ ವಾಲ್ಟ್ಜ್ ಬಂದು ‘ಬಾತ್ಸು’ ಆಗಿ ಊರಿಗೆ ಇಳಿಯಿತು. 1980ರ ದಶಕದಿಂದ ನೃತ್ಯಗುರು ಫ್ರಾಂಕ್ ರಾಬನ್ ಮತ್ತು ಅವರ ಜೊತೆಯವರು ಪುರಾತನ ಶೈಲಿಯ ಕುಣಿತವನ್ನು ಮತ್ತೆ ಕಟ್ಟಿದರು. ಅಂದರೆ ‘ಪ್ರಾಚೀನ’ವಾಗಿ ಕಾಣುವ ಕುಣಿತ ನಿನ್ನೆ ಮೊನ್ನೆಯದು, ‘ಪರದೇಶಿ’ ಬಾತ್ಸು ಅದಕ್ಕಿಂತ ಹಳೆಯದು. ಅಜ್ಜಿ ಹಬ್ಬದಲ್ಲಿ ಕುಣಿದದ್ದು ಅವಳದಲ್ಲವೇ? ಮೊಮ್ಮಗಳು ವೇದಿಕೆ ಮೇಲೆ ಕುಣಿಯುವುದು ಮಾತ್ರ ಸ್ವಂತವೇ? ಇಲ್ಲಿ ನಿಲ್ಲಿ, ಇಲ್ಲಿ ಅಗೆಯಿರಿ. ನೀವು ಸುಮ್ನೆ ಎರಡು ಸಾಲಲ್ಲಿ ದಾಟಿಬಿಟ್ಟಿದ್ದೀರಿ.

‘ವೈಭವೋಪೇತ’, ‘ಅನನ್ಯ’ಗಳನ್ನೆಲ್ಲ ತೆಗೆಯಿರಿ. ನಾನು ಹದಿನೇಳು ಎಣಿಸಿದೆ.

ಒಂದು ಸಾಲಿನ ಕೆಳಗೆ ಮಾತ್ರ ಗೆರೆ ಎಳೆದು ‘ಭೇಷ್’ ಅಂತ ಬರೆದಿದ್ದೇನೆ. ಹುಡುಗ ಹಿರಿಯರ ಕೈ ಹಿಡಿದು, ಮೂಗಿನ ಹತ್ತಿರ ತಂದು, ಮೆಲ್ಲಗೆ ಮೂಸಿ, ಅಜ್ಜನಿಗೆ ‘ನ್ಯೋಟ್’, ಅಜ್ಜಿಗೆ ‘ನ್ಯೋರಾ’ ಅನ್ನುತ್ತಾನೆ. ಆ ಎರಡು ಪದ ಸೆನ್ಯೋರ್, ಸೆನ್ಯೋರಾ ಸವೆದು ಉಳಿದ ತುಂಡುಗಳು ಎಂದು ನೀವು ಹೇಳಿಲ್ಲ, ಹೇಳಿ. ಅದನ್ನೇ ಮೊದಲ ಪ್ಯಾರಾಕ್ಕೆ ತನ್ನಿ, ಮೆಗೆಲನ್ ಹಿಂದೆ ಕಾಯಲಿ. ಹತ್ತು ಪುಟ ನಾಲ್ಕಾದ ಮೇಲೆ ಕಳಿಸಿ.