ಹುಳು ಮನೆಯ ಡಬ್ಬಿ, ಬೇರೆಯವರ ಕೋಡ್

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕು, ಮನೆಯಲ್ಲಿ ರೇಷ್ಮೆ ಸಾಕಣೆ. ಹುಳು ಮನೆಯ ಬಿಸಿ, ತೇವಾಂಶ ಹೆಚ್ಚುಕಮ್ಮಿಯಾದರೆ ಕೂಗಿಕೊಳ್ಳುವ ಡಬ್ಬಿಯೊಂದನ್ನು ಆರ್ಡುಯಿನೊ ಬೋರ್ಡ್‌ನಲ್ಲಿ (ಕೋಡ್ ಬರೆದು ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಮಾಡಿದ್ದೇನೆ. ಅಕ್ಕಪಕ್ಕದವರು ದುಡ್ಡು ಕೊಡ್ತೀವಿ, ನಮಗೂ ಮಾಡಿಕೊಡು ಅಂತಿದ್ದಾರೆ. ಆದರೆ ಕೋಡ್ ಪೂರ್ತಿ ನನ್ನದಲ್ಲ. ಸೆನ್ಸರ್ ಭಾಗದ ಮೇಲೆ ಎಂಐಟಿ ಲೈಸೆನ್ಸ್ ಅಂತಿದೆ, ಅಲಾರಂ ಭಾಗಕ್ಕೆ ಜಿಪಿಎಲ್ 3 ಅನ್ನೋ ಇನ್ನೊಂದು ಲೈಸೆನ್ಸ್, ಡಿಸ್‌ಪ್ಲೇ ಭಾಗದ ಮೇಲೆ ಏನೂ ಇಲ್ಲ. 'ಓಪನ್ ಸೋರ್ಸ್ ಅಲ್ವಾ, ಎಲ್ಲರೂ ಬಳಸೋಕೆ ಬಿಟ್ಟಿರೋ ಕೋಡ್, ಮೇಲಿನ ಲೈಸೆನ್ಸ್ ಸಾಲು ಅಳಿಸಿ ಮಾರು' ಅಂತಾನೆ ಗೆಳೆಯ. ಅಳಿಸಬಹುದಾ ಸರ್?

ಉತ್ತರ: ಬೇಡ. ಬಳಸಲು ನಿಮಗೆ ಸಿಕ್ಕಿರುವ ಅನುಮತಿಯೇ ಆ ಸಾಲುಗಳು. 1957ರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿ (ನಗು ಬಂದರೂ ನಿಜ). ಬರೆದಾಗಲೇ ಹಕ್ಕು ಬರೆದವರದಾಗುತ್ತದೆ, ನೋಂದಣಿ ಬೇಕಿಲ್ಲ.

ಹಾಗಾಗಿ ನನಗೆ ಭಯ ಇರುವುದು ಏನೂ ಬರೆಯದ ಡಿಸ್‌ಪ್ಲೇ ಕೋಡ್ ಬಗ್ಗೆ. ಲೈಸೆನ್ಸ್ ಇಲ್ಲ ಅಂದರೆ ಅನುಮತಿಯೂ ಇಲ್ಲ. ಬರೆದವರಿಗೆ ಮೇಲ್ ಹಾಕಿ ಕೇಳಿ, ಇಲ್ಲವೇ ನೀವೇ ಬರೆಯಿರಿ. ಎರಡು ಸಾಲು ತೋರಿಸೋದಕ್ಕೆ ಒಂದು ಸಂಜೆ ಸಾಕು.

ಎಂಐಟಿ ತುಂಬಾ ಸುಲಭ. ಮಾರಿ, ತಿದ್ದಿ, ನಿಮ್ಮ ಕೋಡ್ ಯಾರಿಗೂ ತೋರಿಸಬೇಕಿಲ್ಲ. ಬರೆದವರ ಹೆಸರಿರುವ ಕಾಪಿರೈಟ್ ಸಾಲು, ಲೈಸೆನ್ಸ್ ಪಠ್ಯ ಮಾತ್ರ ಜೊತೆಗಿರಬೇಕು. ಒಂದು ಚೀಟಿಯಲ್ಲಿ ಪ್ರಿಂಟ್ ಮಾಡಿ ಡಬ್ಬಿಯೊಳಗೆ ಇಡಿ.

ಜಿಪಿಎಲ್ ಹಾಗಲ್ಲ. ನಿಮ್ಮ ಹುಳು ಮನೆಯಲ್ಲಷ್ಟೇ ಇದ್ದರೆ ಯಾವ ತಾಪತ್ರಯವೂ ಇಲ್ಲ. ಪಕ್ಕದವರಿಗೆ ಮಾರಿದ ದಿನದಿಂದ ಷರತ್ತು ಶುರು. ರೇಟು ನಿಮ್ಮಿಷ್ಟ, ಆದರೆ ಕೊಂಡವರಿಗೆ ಸೋರ್ಸ್ ಕೋಡ್ (ಓದಿ ತಿದ್ದಬಹುದಾದ ಮೂಲ ಕೋಡ್) ಕೊಡಬೇಕು, ಅಥವಾ ಕೇಳಿದರೆ ಕೊಡುತ್ತೇನೆಂದು ಕನಿಷ್ಠ 3 ವರ್ಷ ನಡೆಯುವ ಹಾಗೆ ಬರೆದುಕೊಡಬೇಕು. ಅದೂ ಅಲಾರಂ ಭಾಗವಷ್ಟೇ ಅಲ್ಲ, ಎಲ್ಲವನ್ನೂ ಒಂದೇ ಪ್ರೋಗ್ರಾಂ ಮಾಡಿದ ಮೇಲೆ ನೀವು ಬರೆದದ್ದೂ ಜಿಪಿಎಲ್‌ಗೇ ಸೇರುತ್ತದೆ. ಕೆಲವರಿಗೆ ಇದು ಕಿರಿಕಿರಿ, ನನಗಂತೂ ಇಷ್ಟ. ಚಾಕಿ ಹುಳುವಿಗೆ (ಎಳೆ ಹುಳು) 27 ಡಿಗ್ರಿ ಇದ್ದದ್ದು ದೊಡ್ಡ ಹುಳುವಿಗೆ 24–25 ಆಗಬೇಕು, ಆ ಒಂದು ಅಂಕಿ ಬದಲಿಸಲು ರೈತರು ನಿಮ್ಮ ಮನೆ ಬಾಗಿಲಿಗೇ ಯಾಕೆ ಬರಬೇಕು ಹೇಳಿ? ಒಪ್ಪಿಗೆಯಿಲ್ಲದಿದ್ದರೆ ಎಂಐಟಿಯಲ್ಲಿರುವ ಬೇರೆ ಅಲಾರಂ ಕೋಡ್ ಹುಡುಕಿ. ವೇರಿಯಬಲ್ ಹೆಸರು ಬದಲಿಸಿದ ಮಾತ್ರಕ್ಕೆ ಕೋಡ್ ನಿಮ್ಮದಾಗಲ್ಲ.

'ಯಾರು ನೋಡ್ತಾರೆ' ಅಂತ ಗೆಳೆಯ ಅಂದರೆ ಅಮೆರಿಕದ ಜೇಕಬ್ಸನ್ ಕೇಸ್ ಹೇಳಿ. ಆಟದ ರೈಲು ಓಡಿಸುವ ಹವ್ಯಾಸಿಗಳ ಕೋಡನ್ನು ಬರೆದವರ ಹೆಸರು ಬಿಟ್ಟು ಬಳಸಿಕೊಂಡ ಜಗಳ ಅದು. ಓಪನ್ ಸೋರ್ಸ್ ಷರತ್ತು ಮುರಿದರೆ ಕಾಪಿರೈಟ್ ಉಲ್ಲಂಘನೆಯ ದಾವೆ ಹೂಡಬಹುದು ಅಂತ ಅಲ್ಲಿನ ಮೇಲ್ಮನವಿ ಕೋರ್ಟ್ 2008ರಲ್ಲಿ ಹೇಳಿತು.

ಈಗಾಗಲೇ ಅಳಿಸಿಬಿಟ್ಟಿದ್ದರೆ ಮೂಲ ಫೈಲ್ ಮತ್ತೆ ಇಳಿಸಿಕೊಂಡು ಆ ಸಾಲುಗಳನ್ನು ಹಾಗೇ ವಾಪಸ್ ಹಾಕಿ. ಅದರ ಕೆಳಗೆ ನೀವು ಏನು ತಿದ್ದಿದ್ದೀರಿ ಅಂತ ತಾರೀಖು ಸಮೇತ ಬರೆದು, ನಿಮ್ಮ ಹೆಸರನ್ನೂ ಸೇರಿಸಿ.